ಎಡಗಣ್ಣಿನ ನಲವತ್ತು

ಕಮಲಾಪುರದ ಮಾಸ್ತರು ಸತ್ತಿದ್ದರು. ಅವರು ಸತ್ತಿಲ್ಲ ಅಂತ ನಾನು ಅಂದೆ. ನಡೆದದ್ದು ಇಷ್ಟೇ. ಆಮೇಲೆ ಜನ ಕಾಲ ಕೆಟ್ಟಿತ್ತು, ಡಾಕ್ಟರು ಬದಲಾದರು, ಪೊಲೀಸರಿಗೆ ಅವಸರವಿತ್ತು ಅಂತ ಏನೇನೋ ಕಾರಣ ಕೊಟ್ಟರು. ಕಾಲ ಕೆಟ್ಟಿದ್ದು ಖರೆ. ಆದರೆ ಅವರ ಚಸ್ಮಾ ಕೈಯಲ್ಲಿ ಹಿಡಿದು ನೋಡಿದವಳು ನಾನು. ತಪ್ಪು ಓದಿದವಳೂ ನಾನು.

ಅದು ಹೈದರಾಬಾದ್ ಪೊಲೀಸ್ ಆಕ್ಷನ್ ಆಗಿ ಎರಡನೆಯ ಬೇಸಿಗೆ. ಕಲಬುರಗಿಯ ಬಜಾರಿನಲ್ಲಿ ಒಂದು ಚಸ್ಮಾ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ನಾನು ಶಾಲೆಗೆ ಹೋದದ್ದು ಎರಡು ವರ್ಷ, ಅದೂ ಉರ್ದು ಶಾಲೆ. ಕನ್ನಡ ಅಕ್ಷರ ಮನೆಯಲ್ಲಿ ಕಲಿತದ್ದು. ಅಂಕಿ ಮಾತ್ರ ಯಾವ ಲಿಪಿಯಲ್ಲಿ ಕೊಟ್ಟರೂ ಓದುತ್ತಿದ್ದೆ. ಸೇರಿದಾಗ ನನ್ನ ಕೆಲಸ ಸಾಣೆಕಲ್ಲು ತಿರುಗಿಸುವುದು, ಗಾಜಿನ ಅಂಚು ತಿಕ್ಕುವುದು, ಕಲ್ಲಿನ ಕೆಳಗಿನ ನೀರು ಬದಲಿಸುವುದು. ಗಾಜಿನ ಮೇಲೆ ಗುರುತು ಹಾಕುವುದು ಅಂಗಡಿಯ ದೊಡ್ಡ ಕಾರೀಗರು, ನಮ್ಮ ಉಸ್ತಾದರ ಕೆಲಸ. ಅವರು ಗಾಜನ್ನು ಹೇಗೋ ತಿರುಗಿಸಿ ನೋಡಿ ಮಸಿಯಿಂದ ಒಂದು ಗೆರೆ ಎಳೆದು ಕೊಡುವರು. ಆ ಗೆರೆ ನೆಟ್ಟಗೆ ಅಡ್ಡ ಮಲಗುವ ಹಾಗೆ ಇಟ್ಟುಕೊಂಡು ನಾನು ತಿಕ್ಕುತ್ತಿದ್ದೆ. ಗೆರೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ.

ಆ ಗದ್ದಲದ ದಿನಗಳಲ್ಲಿ ಉಸ್ತಾದರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೋದರು. ಆ ಚಳಿಗಾಲದಲ್ಲೇ ಅಲ್ಲಿ ತೀರಿಕೊಂಡರಂತೆ. ನಮಗೆ ಚೀಟಿ ಬರೆದು ಕಳಿಸುತ್ತಿದ್ದ ಹಳೆಯ ಕಣ್ಣಿನ ಡಾಕ್ಟರೂ ಹೋದರು, ಎಲ್ಲಿಗೆ ಎಂದು ಗೊತ್ತಾಗಲಿಲ್ಲ. ಅವರ ಜಾಗಕ್ಕೆ ಬೊಂಬಾಯಿ ಕಡೆಯ ಹೊಸ ಡಾಕ್ಟರು ಬಂದರು. ಅಂಗಡಿಯ ಸಾವಕಾರರಿಗೆ ಮಾರುವುದು ಗೊತ್ತು, ಮಾಡುವುದು ಗೊತ್ತಿಲ್ಲ. ಹೊಸ ಆಳು ಸಿಗಲಿಲ್ಲ. ಹಾಗಾಗಿ ಬೆಂಚಿಗೆ ನಾನು ಕೂತೆ.

ಹೊಸ ಡಾಕ್ಟರ ಕಂಪೌಂಡರ್ ನನಗೆ ಎಂಟು ದಿನ ಚೀಟಿ ಓದುವುದನ್ನು ಕಲಿಸಿದ. ಚೀಟಿಯಲ್ಲಿ ಎರಡು ಸಾಲು. ಮೇಲಿನದು ಬಲಗಣ್ಣು, ಕೆಳಗಿನದು ಎಡಗಣ್ಣು. ಪ್ರತಿ ಸಾಲಿಗೆ ಮೂರು ಮನೆ. ಮೊದಲನೆಯದು ಗುಂಡು ನಂಬರು. ಮುಂದೆ ಮೈನಸ್ ಗೆರೆ ಇದ್ದರೆ ದೂರದ್ದು ಮಸುಕು, ಪ್ಲಸ್ ಇದ್ದರೆ ಹತ್ತಿರದ್ದು ಮಸುಕು. ಅದು ಕಾಲು ಕಾಲಾಗಿ ಏರುತ್ತದೆ. ಎರಡನೆಯದು ಸಿಲಿಂಡರ್. ಕಣ್ಣುಗುಡ್ಡೆ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರುವುದಿಲ್ಲ. ಹೆಚ್ಚುಕಮ್ಮಿ ಬಾಗಿದ ದಿಕ್ಕಿಗಷ್ಟೇ ಕೊಡುವ ನಂಬರು ಅದು. ಮೂರನೆಯದು ಓರೆ. ಆ ಸಿಲಿಂಡರನ್ನು ಯಾವ ಓರೆಗೆ ಕೂಡಿಸಬೇಕು ಎಂದು ನೂರಾ ಎಂಬತ್ತರೊಳಗಿನ ಒಂದು ಅಂಕಿ. ಜನ ಮೊದಲಿನ ಎರಡು ಮನೆ ಕೇಳುತ್ತಾರೆ, ಮೂರನೆಯದನ್ನು ಯಾರೂ ಕೇಳುವುದಿಲ್ಲ. ಓರೆ ತಪ್ಪಿದರೆ ನಂಬರು ಸರಿಯಿದ್ದೂ ಚಸ್ಮಾ ಕೆಟ್ಟಿತು. ಗೋಡೆ ವಾಲುತ್ತದೆ, ಮೆಟ್ಟಿಲು ಕಾಲಿಗೆ ಸಿಗುವುದಿಲ್ಲ.

"ಹತ್ತು ಅಂಶ ತಪ್ಪಿದ್ರ ಅದು ಬ್ಯಾರೆ ಮನಿಷ್ಯಾನ ಚಸ್ಮಾ ಆಗ್ತದ. ತಿಳೀತೇನ್ ಬಾಯಿ?" ಎಂದು ಕಂಪೌಂಡರ್ ದಿನಾ ಅನ್ನುತ್ತಿದ್ದ.

ತಿಳಿಯಿತು. ಬಹಳ ಚೆನ್ನಾಗಿ ತಿಳಿಯಿತು, ಅದೇ ಕೇಡಾಯಿತು.

ಹೋಗುವಾಗ ಅವನು ಒಂದು ಅಚ್ಚಿನ ಕಾರ್ಡು ಕೊಟ್ಟ. ಅದರಲ್ಲಿ ಎರಡೂ ಕಣ್ಣಿಗೆ ಅರ್ಧಚಂದ್ರ, ಸುತ್ತ ಅಂಕಿ. ಉಸ್ತಾದರ ಬೆಂಚಿನ ಹಲಗೆಗೆ ಮೊದಲೇ ಒಂದು ಕಾಗದ ಅಂಟಿತ್ತು. ಕೈಯಿಂದ ಬರೆದದ್ದು, ನಡುವೆ ಒಂದು ಮೂಗು, ಎರಡು ಕಡೆ ಅರ್ಧಚಂದ್ರ, ತುಂಬ ಎಣ್ಣೆ ಕಲೆ. ನಾನು ಮೈದಾ ಅಂಟು ಕಾಯಿಸಿ ಹೊಸ ಕಾರ್ಡನ್ನು ಅದರ ಮೇಲೆಯೇ ಬಡಿದು ಕೂಡಿಸಿದೆ. ಹೊಸದು ಚೊಕ್ಕ ಇತ್ತು.

ಬೇಸಿಗೆಯಲ್ಲಿ ಒಂದು ದಿನ ಪೊಲೀಸ್ ಜಮಾದಾರ ಅಂಗಡಿಗೆ ಬಂದ. ಹಿಂದೆ ಬುರ್ಖಾ ಹಾಕಿದ ಒಬ್ಬ ಹೆಂಗಸು. ಆತ ಒಂದು ತಗಡಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟ. ತುಕ್ಕು ಹಿಡಿದಿತ್ತು, ಆದರೂ ಮುಚ್ಚಳದ ಮೇಲೆ ನಮ್ಮ ಅಂಗಡಿಯ ಠಸ್ಸೆ ಓದಲು ಬರುತ್ತಿತ್ತು.

"ನಿಮ್ಮ ದುಕಾನಿಂದೇ ಅಲ್ಲೇನಿದು?"

"ಡಬ್ಬಿ ನಮ್ದೇರಿ. ಒಳಗಿಂದು ನೋಡ್ಬೇಕು."

ಕಮಲಾಪುರದಿಂದ ಕಲಬುರಗಿಗೆ ಬರುವ ರಸ್ತೆಯ ಪಕ್ಕ ಒಂದು ಹಾಳುಬಾವಿ. ನೀರು ಬತ್ತಿದೆ ಅಂತ ಹೂಳು ತೆಗೆಯಲು ಇಳಿದವರಿಗೆ ಎಲುಬು ಸಿಕ್ಕವು. ಮೂರು ಬುರುಡೆ. ಬಟ್ಟೆ ಉಳಿದಿರಲಿಲ್ಲ. ಒಂದು ಕಾಲ್ಜೋಡು, ಅಂಗಿಯ ನಾಲ್ಕು ಗುಂಡಿ, ಈ ಡಬ್ಬಿ. ಆಕ್ಷನ್ನಿನ ವರ್ಷ ಮೊದಲು ಒಂದು ಕಡೆಯವರು ಹೊಡೆದರು, ಆಮೇಲೆ ಇನ್ನೊಂದು ಕಡೆಯವರು ಹೊಡೆದರು. ಬಾವಿಗಳಿಗೆ ಎರಡೂ ಸರತಿಯಲ್ಲಿ ಕೆಲಸ ಇತ್ತು. ಬುರ್ಖಾದ ಹೆಂಗಸು ಕಮಲಾಪುರದ ಶಾಲೆಯ ಉರ್ದು ಮಾಸ್ತರರ ಹೆಂಡತಿ. ಮಾಸ್ತರರು ಆ ದಿನಗಳಲ್ಲಿ ಕಲಬುರಗಿಗೆ ಹೋಗಿ ಬರುತ್ತೇನೆಂದು ಹೊರಟವರು, ವಾಪಸ್ ಬಂದಿರಲಿಲ್ಲ. ಅವರು ನಮ್ಮ ಗಿರಾಕಿ.

ಆಕೆ ಒಳಗೆ ಬರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಬೆನ್ನು ನಮಗೆ ಮಾಡಿ ಕೂತಳು.

"ಅವರ್ದಲ್ಲ ಅದು. ನಾ ದಾರ್ಯಾಗೆಲ್ಲ ಹೇಳ್ಕೋತ ಬಂದೀನಿ," ಅಂದಳು.

"ನೀ ಸುಮ್ ಕುಂಡ್ರವ್ವಾ. ಬಾಯಿ ನೋಡ್ತಾಳ," ಅಂದ ಜಮಾದಾರ.

ಬಿಸಿನೀರಿನಲ್ಲಿ ಚಸ್ಮಾ ತೊಳೆದೆ. ನಿಕ್ಕಲ್ ತಂತಿಯ ಫ್ರೇಮು, ಕಿವಿಗೆ ಸಿಕ್ಕಿಸುವ ಒಂದು ಕಡ್ಡಿ ಇರಲಿಲ್ಲ. ಡಬ್ಬಿಯಲ್ಲಿದ್ದದ್ದಕ್ಕೆ ಎರಡೂ ಗಾಜು ಉಳಿದಿದ್ದವು. ದುಂಡು ಫ್ರೇಮು ಆಗಿದ್ದರೆ ಗಾಜು ಒಳಗೇ ತಿರುಗಿರಬಹುದು ಅಂತ ಅನುಮಾನಿಸಬೇಕಾಗುತ್ತಿತ್ತು. ಇದು ಮೊಟ್ಟೆಯ ಆಕಾರ, ಗಾಜು ಅಲ್ಲಾಡುವ ಹಾಗಿರಲಿಲ್ಲ.

ಈಗ ಮೊಮ್ಮಕ್ಕಳು ಮಷೀನಿನ ಕೆಳಗಿಟ್ಟು ನಂಬರು ಹೇಳಿಸಿಕೊಳ್ಳುತ್ತಾರೆ. ನಮಗೆ ಎದುರು ಗೋಡೆಯ ಮೇಲಿನ ಇದ್ದಿಲ ಗೆರೆಯೇ ಮಷೀನು, ಒಂದು ನಿಂತದ್ದು, ಒಂದು ಮಲಗಿದ್ದು. ಗಾಜನ್ನು ಕೈ ಚಾಚಿ ಹಿಡಿದು ಅದರೊಳಗಿಂದ ಗೆರೆ ನೋಡಬೇಕು. ಗಾಜನ್ನು ಬಲಕ್ಕೆ ಸರಿಸಿದಾಗ ಗೆರೆಯೂ ಬಲಕ್ಕೆ ಬಂದರೆ ಮೈನಸ್, ಎಡಕ್ಕೆ ಓಡಿದರೆ ಪ್ಲಸ್. ಇದು ಮೈನಸ್. ಆಮೇಲೆ ಪೆಟ್ಟಿಗೆಯಿಂದ ಪ್ಲಸ್ ಗಾಜುಗಳನ್ನು ಒಂದೊಂದಾಗಿ ಅದರ ಮೇಲಿಟ್ಟು ಸರಿಸಬೇಕು. ಗೆರೆ ಓಡುವುದು ಯಾವಾಗ ನಿಲ್ಲುತ್ತದೋ ಅದೇ ನಂಬರು. ಓರೆಗೆ ಇನ್ನೊಂದು ದಾರಿ. ಗಾಜನ್ನು ಚಕ್ರದ ಹಾಗೆ ಮೆಲ್ಲಗೆ ತಿರುಗಿಸಿದರೆ ಒಳಗಿನ ಗೆರೆ ಹೊರಗಿನ ಗೆರೆಯಿಂದ ಮುರಿದು ವಾಲುತ್ತದೆ. ಎರಡು ಕಡೆ ಮಾತ್ರ ಮುರಿಯದೆ ಕೂಡುತ್ತದೆ. ಅಲ್ಲಿ ಮಸಿಯ ಚುಕ್ಕೆ ಇಟ್ಟು, ಚಸ್ಮಾವನ್ನು ಕಾರ್ಡಿನ ಮೇಲೆ ಮಲಗಿಸಿ ಅಂಕಿ ಓದಬೇಕು.

ಬಲಗಣ್ಣು ಒಂದು ದಿಕ್ಕಿನಲ್ಲಿ ಎರಡೂವರೆಗೆ ನಿಂತಿತು, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಮೂರೂವರೆಗೆ. ಅಂದರೆ ಗುಂಡು ನಂಬರು ಎರಡೂವರೆ, ಸಿಲಿಂಡರ್ ಒಂದು. ಓರೆ ಮೂವತ್ತು. ಎಡಗಣ್ಣು ಮೂರು, ಸಿಲಿಂಡರ್ ಒಂದೂಕಾಲು. ಓರೆ ನೂರಾ ನಲವತ್ತು.

ಸಾವಕಾರರು ಗಿರಾಕಿಗಳ ನಂಬರು ಬರೆದಿಡುವ ಹಳೆಯ ವಹಿ ತೆಗೆದು ಮಾಸ್ತರರ ಹೆಸರು ಹುಡುಕಿದರು. ಹೆಸರು ಉರ್ದುವಿನಲ್ಲಿ, ನಂಬರು ಇಂಗ್ಲಿಷ್ ಅಂಕಿಯಲ್ಲಿ. ಬಲ: ಎರಡೂವರೆ, ಒಂದು, ಮೂವತ್ತು. ಎಡ: ಮೂರು, ಒಂದೂಕಾಲು. ಓರೆ ನಲವತ್ತು.

ಮತ್ತೊಮ್ಮೆ ಅಳೆದೆ. ನೂರಾ ನಲವತ್ತೇ ಬಂತು. ಚಸ್ಮಾ ತಿರುವಿ ಹಿಡಿದೆನೇನೋ ಅಂತ ನೋಡಿದೆ. ತಿರುವಿದ್ದರೆ ಎರಡೂ ಕಣ್ಣು ಕೆಡಬೇಕಿತ್ತು, ಬಲಗಣ್ಣು ಸರಿಯಾಗಿ ಕೂಡಿತ್ತು. ಆರು ಅಂಕಿಯಲ್ಲಿ ಐದು ಕೂಡಿದವು, ಒಂದು ಕೂಡಲಿಲ್ಲ. ಅದೂ ಹತ್ತಲ್ಲ, ಇಪ್ಪತ್ತಲ್ಲ, ನೂರು ಅಂಶದ ಫರಕು.

"ಹೌದೋ ಅಲ್ಲೋ ಹೇಳವಾ. ನನಗ ಹೊತ್ತಾಗ್ತದ," ಅಂದ ಜಮಾದಾರ.

"ಐದು ಕೂಡ್ತಾವ್ರಿ, ಒಂದು..."

"ಐದು ಆರು ಅಂತ ಕಾಗದದಾಗ ಬರ್ಯಾಕ ಜಾಗಿಲ್ಲ. ಹೌದು ಇಲ್ಲಾ ಅಲ್ಲ."

"ಅಲ್ರಿ," ಅಂದೆ.

ನನಗೂ ಅಲ್ಲ ಅನ್ನುವುದೇ ಸಲೀಸಿತ್ತು. ಆಕೆ ಮೆಟ್ಟಿಲ ಮೇಲೇ ಕೂತಿದ್ದಳಲ್ಲ. ಜಮಾದಾರ ಮಸಿಯ ಡಬ್ಬಿ ಮುಂದೆ ಮಾಡಿ ಹೆಬ್ಬೆಟ್ಟು ಒತ್ತು ಅಂದ. ನನಗೆ ಸಹಿ ಬರುತ್ತದೆ ಅಂದೆ. ಒತ್ತು ಅಂದ. ಒತ್ತಿದೆ.

ಆಕೆ ಎದ್ದು ನಿಂತು ಮುಸುಕು ಎತ್ತಿ ನನ್ನನ್ನು ನೋಡಿದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. "ಅಲ್ಲಾ ನಿನಗ ಛಲೋ ಮಾಡ್ಲಿ ತಂಗಿ," ಅಂದಳು. ಜಮಾದಾರನಿಗೆ, "ಕೇಳ್ದಿರಿಲ್ಲೋ?" ಅಂದಳು.

ಆ ಎಲುಬುಗಳಿಗೆ ವಾರಸುದಾರರಿಲ್ಲ ಅಂತ ಕಾಗದವಾಯಿತು. ಲಾವಾರಿಸ್ ಅಂತ ಒಂದೇ ಚೀಲದಲ್ಲಿ ತುಂಬಿ ಒಯ್ದರು. ಚಸ್ಮಾದ ಡಬ್ಬಿಯೂ ಅದರ ಜೊತೆಗೇ ಹೋಯಿತು.

ಒಂದು ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಡಬ್ಬಿ ನಮ್ಮದು, ಗಾಜಿನ ಅಂಚು ತಿಕ್ಕಿದ್ದು ನಮ್ಮ ಕಲ್ಲಿನಲ್ಲಿ. ಹಾಗಾದರೆ ಆ ಚಸ್ಮಾದ ಧಣಿ ವಹಿಯಲ್ಲಿ ಇರಲೇಬೇಕು. ಕೆಲಸವಿಲ್ಲದಾಗ ಹಳೆಯ ವಹಿ ತಿರುವಿದೆ. ಎಡಗಣ್ಣು ಮೂರು, ಒಂದೂಕಾಲು, ನೂರಾ ನಲವತ್ತು ಅನ್ನುವ ಮನುಷ್ಯ ಯಾವ ಹಾಳೆಯಲ್ಲೂ ಸಿಗಲಿಲ್ಲ. ಸಾವಕಾರರು, "ಒಬ್ಬರ ಡಬ್ಬ್ಯಾಗ ಒಬ್ಬರು ಇಟ್ಕೊಂಡಿರ್ತಾರ, ಬಿಡು," ಅಂದರು. ಬಿಟ್ಟೆ.

ಮಳೆಗಾಲ ಮುಗಿದ ಮೇಲೆ ಆಕೆ ಒಬ್ಬಳೇ ಬಂದಳು. ಈ ಸಲ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

"ತಂಗಿ, ಅವರ ನಂಬರಿಂದು ಒಂದು ಜೋಡಿ ಚಸ್ಮಾ ಮಾಡಿಕೊಡು. ಶುಕ್ರವಾರಕ್ಕ ಬೇಕು."

"ಯಾರಿಗ್ರಿ ಅಕ್ಕಾ?"

"ಯಾರಿಗಂದ್ರ? ಅವರಿಗೇ. ನಮ್ಮ ಕಡೆಯವರು ಕರಾಚಿಲಿಂದ ಕಾಗದ ಹಾಕ್ಯಾರ, ಅಲ್ಲಿ ಒಂದು ಸಾಲ್ಯಾಗ ಅವರಂಗೇ ಒಬ್ಬರನ್ನ ನೋಡ್ಯಾರಂತ. ಮುಂದಿನ ವಾರ ನಮ್ಮವರು ನಾಲ್ಕು ಮನಿಯವರು ಹೊಂಟಾರ. ನಾನೂ ಹೋಗ್ತೀನಿ."

"ಇದ್ದ ಚಸ್ಮಾ ಇರಬೇಕಲ್ರಿ ಅವರ ಕಡೆ."

"ಎರಡು ವರ್ಷ ಬಾಳ್ತದೇನದು ಅವರ ಕೈಯಾಗ? ಇಟ್ಟಲ್ಲೇ ಅದರ ಮ್ಯಾಲೆ ಕುಂಡ್ರೋ ಮನಿಷ್ಯಾ. ಚಸ್ಮಾ ಇಲ್ದಿದ್ರ ನನ್ನ ಗುರ್ತೂ ಹಿಡಿಯಂಗಿಲ್ಲ. ಬ್ಯಾರೆ ಯಾರನ್ನರ ನಾನೇ ಅಂತ ತಿಳಕೊಂಡು ಕೂತಾರೋ ಏನೋ!" ಎಂದು ನಕ್ಕಳು.

ಮನೆಯಲ್ಲಿ ಮುದುಕಿ ಅತ್ತೆ ಇದ್ದಾಳೆಂದು ಮಾತಿನಲ್ಲಿ ಬಂತು, ಆಕೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಬಾಜು ಮನೆಯವರ ಕಡೆ ಬಿಟ್ಟು ಹೋಗುವುದಂತೆ, ಗಂಡ ಸಿಕ್ಕ ಮೇಲೆ ಕರೆಸಿಕೊಳ್ಳುವುದಂತೆ. ಗಡಿ ದಾಟಿ ಹೋದವರು ವಾಪಸ್ ಬರುವುದು ಆಗ ಸುಲಭ ಇರಲಿಲ್ಲ. ಅದು ಆಕೆಗೂ ಗೊತ್ತಿತ್ತು. ನಾನು ವಹಿ ನೋಡಿ ಗಾಜು ತೆಗೆದೆ. ಎಡಗಣ್ಣಿಗೆ ನಲವತ್ತು, ನನ್ನ ಕಾರ್ಡಿನ ಪ್ರಕಾರ. ಸೋಮವಾರಕ್ಕೆ ಚಸ್ಮಾ ತಯಾರಾಗಿ ಬೆಂಚಿನ ಮೇಲೆ ಕೂತಿತು.

ಅದೇ ದಿನ ಒಬ್ಬ ದರ್ಜಿ ಕಾಕಾ ಎಡಗಾಜು ಒಡೆದುಕೊಂಡು ಬಂದ. ಚೀಟಿ ಹಳೆಯ ಡಾಕ್ಟರದು, ನಂಬರು ವಹಿಯಲ್ಲಿತ್ತು. ಪ್ಲಸ್ ಎರಡು, ಸಿಲಿಂಡರ್ ಒಂದು, ಓರೆ ಅರವತ್ತು. ಹಾಕಿಕೊಟ್ಟೆ. ಮರುದಿನ ಆತ ಒಂದು ಪಾಯಿಜಾಮಾ ಹಿಡಿದುಕೊಂಡೇ ಅಂಗಡಿ ಹತ್ತಿದ.

"ಏ ಬಾಯಿ, ಗಾಜು ಹಾಕೀದಿಯೋ ಮಾಟಾ ಮಾಡೀದಿಯೋ? ಎರಡೂ ಕಾಲು ಒಂದೇ ಸಮ ಕತ್ತರಿಸೀನಿ, ಒಂದು ಗಿಡ್ಡ ಬಂದದ. ಗಿರಾಕಿ ನನ್ನನ್ನ ಕುಡದೀಯೇನು ಅಂತ ಕೇಳಾಕತ್ತಾನ!"

"ನಂಬರ್ ಸರಿ ಐತಿ ಕಾಕಾ. ನಿಮ್ಮ ಕಣ್ಣೇ ಬದಲಾಗಿರಬೇಕು."

"ಮೊನ್ನೀ ತನಕ ಸರಿ ಇತ್ತಲ್ಲ, ಒಂದು ರಾತ್ರ್ಯಾಗ ಬದಲಾತೇನು? ಹಳೇ ಗಾಜು ಇಲ್ಲೇ ಅದ ನೋಡು," ಎಂದು ಕರವಸ್ತ್ರ ಬಿಚ್ಚಿದ.

ಎರಡು ಹೋಳಾಗಿತ್ತು. ಮೇಣ ಹಚ್ಚಿ ಎರಡೂ ಹೋಳನ್ನು ಫ್ರೇಮಿನಲ್ಲಿ ಕೂಡಿಸಿ ಗೋಡೆಯ ಗೆರೆಗೆ ಹಿಡಿದೆ. ಚುಕ್ಕೆ ಇಟ್ಟೆ, ಕಾರ್ಡಿನ ಮೇಲೆ ಮಲಗಿಸಿದೆ. ನೂರಾ ಇಪ್ಪತ್ತು. ವಹಿಯಲ್ಲಿ ಅರವತ್ತು. ಬಲಗಣ್ಣು ನೋಡಿದೆ, ವಹಿಯೂ ಗಾಜೂ ಕೂಡಿದವು.

ಮತ್ತೆ ಎಡಗಣ್ಣೇ.

ಸಾವಕಾರರ ಕಡೆ ತಿರುಗಿ, "ಸಾವ್ಕಾರ್ರಿ, ನಿಮ್ಮ ಚಸ್ಮಾ ಒಂದೀಟು ಕೊಡ್ರಿ," ಅಂದೆ.

"ಯಾಕ, ನಾ ಕುರುಡ ಆಗಿ ಕುಂಡ್ರಲೇನು?"

"ಹಳೇ ಡಾಕ್ಟರ್ ನಂಬರಿಂದಲ್ಲೇನ್ರಿ? ಉಸ್ತಾದರು ಮಾಡಿದ್ದು?"

"ಹೌದು. ಕೊಡ್ತೀನಿ ತಡಿ, ಜಗ್ಗಬ್ಯಾಡ."

ಅವರದು ವಹಿಯಲ್ಲಿ ಎಡಗಣ್ಣಿಗೆ ಇಪ್ಪತ್ತು. ಗಾಜಿನಲ್ಲಿ ನೂರಾ ಅರವತ್ತು.

ದರ್ಜಿ ಕಾಕಾನಿಗೆ ಗುರುವಾರ ಬಾ ಅಂದೆ. ಒದ್ದೆ ಅರಿವೆ ತಂದು ಬೆಂಚಿನ ಕಾರ್ಡಿನ ಮೇಲೆ ಹಾಕಿದೆ. ಮೈದಾ ಅಂಟು ನೆನೆಯುವ ತನಕ ಕಾದು, ಮೂಲೆಯಿಂದ ಬಿಡಿಸಿದೆ. ಕೆಳಗೆ ಉಸ್ತಾದರ ಕಾಗದ ಇತ್ತು. ನಡುವೆ ಮೂಗು, ಎರಡು ಅರ್ಧಚಂದ್ರ. ಅಂಕಿಗಳು ಎರಡೂ ಕಡೆ ಮೂಗಿನಿಂದಲೇ ಶುರುವಾಗುತ್ತಿದ್ದವು. ಬಲಗಣ್ಣಿಗೂ ಮೂಗಿನಿಂದ ಕಿವಿಯ ಕಡೆಗೆ, ಎಡಗಣ್ಣಿಗೂ ಮೂಗಿನಿಂದ ಕಿವಿಯ ಕಡೆಗೆ.

ನನ್ನ ಕಾರ್ಡು ಹಾಗಲ್ಲ. ಅದರಲ್ಲಿ ಬಲಗಣ್ಣು ಮೂಗಿನಿಂದ ಶುರು, ಎಡಗಣ್ಣು ಕಿವಿಯಿಂದ ಶುರು. ಎರಡೂ ಲೆಕ್ಕ ಸರಿ. ಹಳೆಯ ಡಾಕ್ಟರು ಒಂದು ಲೆಕ್ಕದಲ್ಲಿ ಬರೆದರು, ಹೊಸಬರು ಇನ್ನೊಂದರಲ್ಲಿ ಬರೆದರು. ಇಬ್ಬರ ನಡುವೆ ಗೊತ್ತಿದ್ದವರು ಉಸ್ತಾದರೊಬ್ಬರೇ. ಬಲಗಣ್ಣಿಗೆ ಎರಡೂ ಲೆಕ್ಕ ಒಂದೇ ಬರುತ್ತದೆ. ತೊಂಬತ್ತು, ನೂರಾ ಎಂಬತ್ತು ಇದ್ದರೆ ಎಡಗಣ್ಣಿಗೂ ಒಂದೇ. ಅಷ್ಟು ದಿನ ನನ್ನ ಕೈಗೆ ಬಂದ ಹಳೆಯ ಚೀಟಿಗಳೆಲ್ಲ ಅಂಥವೇ ಇದ್ದಿರಬೇಕು. ಓರೆ ನಡುವೆ ಬಿದ್ದರೆ ಮಾತ್ರ ನೂರಾ ಎಂಬತ್ತರಲ್ಲಿ ಹಳೆಯದನ್ನು ಕಳೆಯಬೇಕು. ಅರವತ್ತು ಕಳೆದರೆ ನೂರಾ ಇಪ್ಪತ್ತು. ಇಪ್ಪತ್ತು ಕಳೆದರೆ ನೂರಾ ಅರವತ್ತು.

ನಲವತ್ತು ಕಳೆದರೆ ನೂರಾ ನಲವತ್ತು.

ಬಾವಿಯ ಚಸ್ಮಾ ಮಾಸ್ತರರದು. ಬೆಂಚಿನ ಮೇಲೆ ಅವರ ಹೆಸರಿನಲ್ಲಿ ನಾನು ಮಾಡಿಟ್ಟಿದ್ದ ಹೊಸ ಚಸ್ಮಾ ಅವರ ಕಣ್ಣಿಗೆ ಆಗುವಂಥದ್ದೂ ಅಲ್ಲ, ಹಾಕಿಕೊಳ್ಳಲು ಅವರೂ ಇಲ್ಲ.

ಸಾವಕಾರರಿಗೆ ಹೇಳಿದೆ. ಅವರು ಬಹಳ ಹೊತ್ತು ಚಸ್ಮಾ ಒರೆಸಿದರು.

"ಈಗ ಹೇಳಿ ಏನ್ ಮಾಡ್ತಿ? ಎಲುಬೂ ಇಲ್ಲ, ಏನೂ ಇಲ್ಲ. ಜೀವಂತ ಅದಾನ ಅಂತ ತಿಳಕೊಂಡಾಳ, ತಿಳಕೊಳ್ಳಿ."

"ಮುಂದಿನ ವಾರ ಕರಾಚಿಗೆ ಹೊಂಟಾಳ್ರಿ ಆಕಿ."

"ಅಲ್ಲಿ ಇನ್ನೊಬ್ಬನ್ನ ನೋಡ್ತಾಳ, ಅವನಲ್ಲ ಅಂತ ತಿಳೀತದ. ನಾವು ಹೇಳೂದು ಯಾಕ? ಪೊಲೀಸ್ ಕಾಗದದ ಮ್ಯಾಲ ನಿನ್ನ ಹೆಬ್ಬೆಟ್ಟು ಐತಿ. ಸುಳ್ಳು ಸಾಕ್ಷಿ ಅಂದ್ರ ನಿನ್ನನ್ನೂ ಒಯ್ತಾರ, ನನ್ನ ಅಂಗಡೀನೂ ಮುಚ್ಚಸ್ತಾರ."

ಅವರು ಕೆಟ್ಟ ಮನುಷ್ಯರಲ್ಲ. ಹೆದರಿದ್ದರು. ನಾನೂ ಹೆದರಿದ್ದೆ. ಆದರೆ ಆಕೆ ಹೊರಟದ್ದು ಕರಾಚಿಯ ಕಾಗದ ನಂಬಿಯಲ್ಲ. ಅಂಥ ಕಾಗದ ಆಗ ಮನೆಮನೆಗೂ ಬರುತ್ತಿದ್ದವು. ಆಕೆ ಹೊರಟದ್ದು ನನ್ನ "ಅಲ್ರಿ" ನಂಬಿ. ಮುದುಕಿಯೊಬ್ಬಳು ಪರರ ಮನೆಯಲ್ಲಿ ಉಳಿಯುವುದೂ, ಈಕೆ ಗಡಿಯಾಚೆ ಸೇರಿ ಅಲ್ಲೇ ಕಾಲ ಕಳೆಯುವುದೂ ಅದರ ಮೇಲೇ ನಿಂತಿತ್ತು.

"ಬುಧವಾರ ರಜಾ ಕೊಡ್ರಿ," ಅಂದೆ.

"ಕೊಡದಿದ್ರ?"

"ಆದ್ರೂ ಹೋಗ್ತೀನ್ರಿ."

ಬುಧವಾರ ಮುಂಜಾನೆಯ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ಬಟ್ಟೆಯಲ್ಲಿ ಹಳೆಯ ವಹಿ, ನನ್ನ ಕಾರ್ಡು, ಹಲಗೆಯಿಂದ ಬಿಡಿಸಿದ ಉಸ್ತಾದರ ಕಾಗದ, ಪೆಟ್ಟಿಗೆಯ ನಾಲ್ಕು ಗಾಜು ಕಟ್ಟಿಕೊಂಡಿದ್ದೆ. ದಾರಿಯಲ್ಲಿ ಆ ಬಾವಿ ಬಂತು. ಈ ವರ್ಷದ ಮಳೆಗೆ ತುಂಬಿತ್ತು. ಒಬ್ಬಳು ಬಟ್ಟೆ ಒಗೆಯುತ್ತಿದ್ದಳು.

ಮಾಸ್ತರರ ಮನೆ ಬಾಳೆತೋಟದ ಹಿಂದಿನ ಓಣಿಯಲ್ಲಿ. ಬಾಗಿಲಲ್ಲಿ ಅವರ ತಾಯಿ ಮೊರದಲ್ಲಿ ಬೇಳೆ ಆರಿಸುತ್ತ ಕೂತಿದ್ದಳು. ಮೂಗಿನ ಮೇಲೆ ಚಸ್ಮಾ, ಒಂದು ಕಡೆ ಕಡ್ಡಿಯ ಬದಲು ದಾರ. ಅಷ್ಟು ವಯಸ್ಸಿನವರಿಗೆ ಬೇಳೆ ಆರಿಸಲು ಪ್ಲಸ್ ಗಾಜು ಬೇಕು. ಆಕೆಯ ಕಣ್ಣು ಆ ಗಾಜಿನ ಹಿಂದೆ ಸಣ್ಣಗೆ ಕಾಣುತ್ತಿತ್ತು. ಮೈನಸ್ ಅದು. ನಾನು ಅಲ್ಲೇ ನಿಂತುಬಿಟ್ಟೆ.

ಸೊಸೆ ಒಳಗಿಂದ ಬಂದಳು. "ಅಯ್ಯ, ನೀನೇ ಬಂದಿ? ಶುಕ್ರವಾರ ನಾನೇ ಬರಾಕಿದ್ನೆಲ್ಲ! ಒಳಗ ಬಾ ತಂಗಿ."

"ಅಕ್ಕಾ, ಅತ್ತಿ ಹಾಕ್ಕೊಂಡಾರಲ್ಲ, ಅದು ಯಾರ್ದು?"

"ಅವರ್ದೇ, ಹಳೇದು. ಅಮ್ಮಾಗ ಅದರಾಗ ಏನೂ ಕಾಣಂಗಿಲ್ಲ. ಕಲ್ಲು ಇಟ್ಟು ಬ್ಯಾಳಿ ಚೆಲ್ತಾರ. ತೆಗೀರಿ ಅಂದ್ರ ಕೇಳಂಗಿಲ್ಲ."

ಬೇಸಿಗೆಯಿಂದ ಈ ಚಸ್ಮಾ ಇಲ್ಲೇ ಇತ್ತು. ಮಾಸ್ತರರ ಹಳೆಯ ಜೋಡಿ ಮನೆಯಲ್ಲಿ ಇದೆಯಾ ಎಂದು ಆ ದಿನ ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಜಮಾದಾರನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗಾಜಿನ ಪಕ್ಕ ಗಾಜು ಇಟ್ಟಿದ್ದರೆ ಕಾರ್ಡೂ ಬೇಕಿರಲಿಲ್ಲ, ಡಾಕ್ಟರೂ ಬೇಕಿರಲಿಲ್ಲ.

ನಾನು ಸುತ್ತು ಬಳಸಲಿಲ್ಲ. "ಅಕ್ಕಾ, ಬಾವ್ಯಾಗ ಸಿಕ್ಕಿದ್ದು ಅವರ್ದೇ. ನಾ ತಪ್ಪು ಹೇಳಿದ್ದೆ," ಅಂದೆ.

ಆಕೆ ಮೊದಲು ನಗಲು ನೋಡಿದಳು. ಆಮೇಲೆ, "ಯಾರು ಹೇಳ್ಯಾರ ಹಾಂಗ? ಪೊಲೀಸರು ಕಳಸ್ಯಾರೇನು ನಿನ್ನ?" ಅಂದಳು.

"ಯಾರೂ ಕಳಸಿಲ್ಲ. ತೋರಸ್ತೀನಿ."

ಮುದುಕಿ ಚಸ್ಮಾ ಬಿಡಲಿಲ್ಲ. ಸೊಸೆ ದಾರ ಬಿಚ್ಚಿ ತೆಗೆದುಕೊಟ್ಟಳು. ಕಿಟಕಿಯ ಸರಳಿಗೆ ಹಿಡಿದು ನೋಡಿದೆ. ನಂಬರು ಸ್ವಲ್ಪ ಕಮ್ಮಿ, ಹಳೆಯ ಜೋಡಿಯಾದ್ದರಿಂದ ಅದು ಸಹಜ. ಬಲಗಣ್ಣಿನ ಓರೆ ಮೂವತ್ತು. ಎಡಗಣ್ಣಿನದು ನನ್ನ ಕಾರ್ಡಿನಲ್ಲಿ ನೂರಾ ನಲವತ್ತು, ಉಸ್ತಾದರ ಕಾಗದದಲ್ಲಿ ನಲವತ್ತು. ವಹಿ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟೆ. ಆಕೆಗೆ ಉರ್ದು ಓದಲು ಬರುತ್ತಿತ್ತು, ಗಂಡನ ಹೆಸರು ಓದಿದಳು. ಆಮೇಲೆ ಗಾಜನ್ನು ಆಕೆಯ ಕೈಗೇ ಕೊಟ್ಟೆ.

"ತಿರುವ್ರಿ. ಸರಳು ಮುರೀತದಲ್ಲ? ಇನ್ನೊಂದೀಟು. ಎಲ್ಲಿ ಕೂಡ್ತದ ಅಲ್ಲಿ ನಿಲ್ಲಸ್ರಿ."

ಆಕೆ ತಿರುವಿದಳು, ನಿಲ್ಲಿಸಿದಳು. ನಾನು ಚುಕ್ಕೆ ಇಟ್ಟೆ, ಕಾರ್ಡಿನ ಮೇಲೆ ಮಲಗಿಸಿದೆ. ಅಂಕಿಯನ್ನು ಆಕೆಯೇ ಓದಿದಳು. ಮತ್ತೊಮ್ಮೆ ತನ್ನಷ್ಟಕ್ಕೇ ತಿರುವಿದಳು. ಅದೇ ಬಂತು.

"ಬಾವಿದು?"

"ಅದೂ ನೂರಾ ನಲವತ್ತೇ. ಉಳಿದ ಐದೂ ಅಂಕಿ ಅವತ್ತೇ ಕೂಡಿದ್ವು."

"ಐದು ಕೂಡಿದ್ದು ನನಗ್ಯಾಕ ಹೇಳಲಿಲ್ಲ?"

ನಾನು ವಹಿ ಮುಚ್ಚಿದೆ.

"ಎಲ್ಲಿಟ್ಟಾರ ಅವರನ್ನ?"

"ಲಾವಾರಿಸ್ ಅಂತ ಒಯ್ದಾರ. ಮೂವರದೂ ಕೂಡೇ. ಹೂಳ್ಯಾರೋ ಸುಟ್ಟಾರೋ ಗೊತ್ತಿಲ್ಲ."

"ನಿಮ್ಮ ಅಂಗಡಿ ಗಾಜು, ನಿಮ್ಮ ಅಂಗಡಿ ಡಬ್ಬಿ, ನಿಮ್ಮ ಅಂಗಡಿ ವಹಿ," ಅಂದಳು. ದನಿ ಏರಲಿಲ್ಲ. "ಬದುಕಿಸಿದ್ದೂ ನೀವೇ, ಸಾಯಿಸಿದ್ದೂ ನೀವೇ. ನಡುವ ನಾ ಅವರಿಗೆ ಅಂಗಿ ಹೊಲದೀನಿ."

ಮೂಲೆಯಲ್ಲಿ ಟ್ರಂಕು ತುಂಬಿ ತಯಾರಿತ್ತು. ಅದನ್ನು ತೆರೆದು ಮಡಿಚಿಟ್ಟ ಎರಡು ಬಿಳಿ ಕುರ್ತಾ ತೆಗೆದು ಹೊರಗೆ ಹಾಕಿದಳು. ಆಮೇಲೆ ತನ್ನ ಬಟ್ಟೆಗಳನ್ನು ಒಂದೊಂದೇ ತೆಗೆಯತೊಡಗಿದಳು. ಮುದುಕಿ ಬಾಗಿಲಿಂದ, ಕರಾಚಿಯಿಂದ ಕಾಗದ ಬಂತೇನು ಎಂದು ಕೇಳಿದಳು. ಆಮೇಲೆ ತನ್ನ ಚಸ್ಮಾ ಕೊಡಿರಿ ಅಂದಳು. ನಾನು ಮಸಿಯ ಚುಕ್ಕೆ ಒರೆಸಿ, ಆಕೆಯ ಕಿವಿಗೆ ದಾರ ಸುತ್ತಿ ಕಟ್ಟಿದೆ. ಆಕೆ ಮತ್ತೆ ಮೊರಕ್ಕೆ ಬಗ್ಗಿದಳು.

"ಪೊಲೀಸರಿಗೆ ಹೇಳ್ತಿಯೇನು?" ಎಂದು ಸೊಸೆ ಒಳಗಿಂದಲೇ ಕೇಳಿದಳು.

"ಹೇಳ್ತೀನಿ."

"ಹಂಗಾದ್ರ ಹೋಗು. ಇನ್ನ ಇಲ್ಲಿ ಬರಬ್ಯಾಡ."

ನಾನು ಮತ್ತೆ ಹೋಗಲಿಲ್ಲ.

ಮರುದಿನ ಮುಂಜಾನೆ ಅಂಗಡಿಗೆ ಹೋಗುವ ಮೊದಲು ಚೌಕಿಗೆ ಹೋದೆ. ಜಮಾದಾರ ಹಲ್ಲುಜ್ಜುತ್ತಿದ್ದ. ಕಾಗದ ಮೇಲಕ್ಕೆ ಹೋಗಿದೆ, ಇನ್ನು ಏನೂ ಆಗುವುದಿಲ್ಲ, ಮನೆಗೆ ಹೋಗು ಅಂದ. ಮೆಟ್ಟಿಲ ಮೇಲೆ ಕೂತೆ. ಅವನು ಚಹಾ ಕುಡಿದ, ಪಗಡಿ ಸುತ್ತಿಕೊಂಡ, ನಾನು ಕೂತೇ ಇದ್ದೆ. ಕೊನೆಗೆ ಬೇಸತ್ತು ಒಂದು ಹಾಳೆ ತೆಗೆದ.

"ಮೂವರಾಗ ಮಾಸ್ತರ್ ಯಾರು, ಅದನ್ನ ಹ್ಯಾಂಗ ಬರೀಲಿ?"

"ಚಸ್ಮಾ ಇದ್ದವರು ಅಂತ ಬರೀರಿ."

"ಉಳಿದ ಇಬ್ಬರು?"

"ಅವರ ನಂಬರ್ ನನ್ನ ಕಡೆ ಇಲ್ರಿ."

ಅವನು ಬರೆದು ಮಸಿಯ ಡಬ್ಬಿ ಮುಂದೆ ತಳ್ಳಿದ. ನಾನು ಅದನ್ನು ಬದಿಗೆ ಸರಿಸಿ ಟಾಕು ತೆಗೆದುಕೊಂಡು ಸಹಿ ಮಾಡಿದೆ. ಆಮೇಲೆ ಅಂಗಡಿಗೆ ಹೋಗಿ, ಕರಾಚಿಗೆಂದು ಮಾಡಿದ ಚಸ್ಮಾದ ತಿರುಪು ಬಿಚ್ಚಿ ಗಾಜು ಹೊರಗೆ ತೆಗೆದೆ. ವಹಿಯಲ್ಲಿ ಮಾಸ್ತರರ ಸಾಲು ತೆರೆದು, ನಲವತ್ತರ ಪಕ್ಕ ನೂರಾ ನಲವತ್ತು ಬರೆದೆ. ಅಂಚಿನಲ್ಲಿ ಜಾಗವಿತ್ತು. ಅಲ್ಲಿ ನನಗೆ ಬರುವ ಕನ್ನಡದಲ್ಲಿ "ಇವರದೇ" ಎಂದು ಬರೆದು, ಮಸಿ ಆರುವ ತನಕ ಕಾದು, ವಹಿಯ ಮೊದಲ ಹಾಳೆಗೆ ಹೋಗಿ ಎಡಗಣ್ಣುಗಳನ್ನು ಒಂದೊಂದಾಗಿ ತಿದ್ದತೊಡಗಿದೆ.